2016ರ ಎಎಫ್‌ಸಿ ಕಪ್: ವೆಸ್ಟ್ ಬ್ಲಾಕ್‌ನಲ್ಲಿ ಕೂತು ಲೆಕ್ಕ ಹಾಕಿದ ಋತು

ಭಾರತದ ಫುಟ್‌ಬಾಲ್ ಲೀಗ್ ಆದ ಐ-ಲೀಗ್ ನೋಡಿ ಅಭ್ಯಾಸವಾದವರು ಎಎಫ್‌ಸಿ ಕಪ್‌ಗೆ, ಅಂದರೆ ಏಷ್ಯಾ ಫುಟ್‌ಬಾಲ್ ಒಕ್ಕೂಟ (ಎಎಫ್‌ಸಿ) ಕ್ಲಬ್‌ಗಳಿಗೆ ನಡೆಸುತ್ತಿದ್ದ ಟೂರ್ನಿಗೆ, ಬಂದಾಗ ಮೊದಲು ಎಡವುತ್ತಿದ್ದುದು ಲೆಕ್ಕದಲ್ಲಿ. 2015–16ರ ಐ-ಲೀಗ್‌ನಲ್ಲಿ ಒಂಬತ್ತು ತಂಡಗಳಿದ್ದವು, ಒಬ್ಬೊಬ್ಬರಿಗೆ 16 ಪಂದ್ಯ. ಗೆದ್ದರೆ ಮೂರು, ಡ್ರಾ ಆದರೆ ಒಂದು, ಕೊನೆಗೆ ಯಾರ ಅಂಕ ಹೆಚ್ಚೋ ಅವರದೇ ಕಪ್. ಒಂದು ಶನಿವಾರ ಕೈಕೊಟ್ಟರೆ ಇನ್ನೊಂದು ಶನಿವಾರ ಸರಿಮಾಡಿಕೊಳ್ಳಬಹುದು. ಏಷ್ಯಾದ ಟೂರ್ನಿಯಲ್ಲಿ ಆ ಸಲಿಗೆ ಇಲ್ಲ. ಗುಂಪು ಹಂತಕ್ಕೆ ಒಂದು ನಿಯಮ, ಹದಿನಾರರ ಘಟ್ಟಕ್ಕೆ ಇನ್ನೊಂದು, ಎಂಟರ ಘಟ್ಟದಿಂದ ಮತ್ತೊಂದು, ಫೈನಲ್‌ಗೆ ಬೇರೆಯದೇ. ಇವುಗಳನ್ನು ಫೆಬ್ರುವರಿಯಲ್ಲೇ ಬರೆದಿಟ್ಟುಕೊಳ್ಳದಿದ್ದರೆ ಅಕ್ಟೋಬರಿನಲ್ಲಿ ಗೋಲು ಬಿದ್ದಾಗ ಕುಣಿಯಬೇಕೋ ತಲೆ ಮೇಲೆ ಕೈ ಹೊರಬೇಕೋ ತಿಳಿಯುವುದಿಲ್ಲ.

ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದ ಕ್ಲಬ್. 2015ರಲ್ಲಿ ಮೊದಲ ಸಲ ಎಎಫ್‌ಸಿ ಕಪ್ ಆಡಿ ಹದಿನಾರರ ಘಟ್ಟದಲ್ಲಿ ಹಾಂಗ್‌ಕಾಂಗ್‌ನ ಸೌತ್ ಚೈನಾ ಎದುರು ಹೊರಬಿತ್ತು. ಮರುವರ್ಷ ಫೈನಲ್ ತನಕ ಹೋಯಿತು. ಅದಕ್ಕೂ ಮುಂಚೆ ಭಾರತದ ಕ್ಲಬ್‌ಗಳ ಪೈಕಿ ಸೆಮಿಫೈನಲ್ ಮುಟ್ಟಿದ್ದವು 2008ರಲ್ಲಿ ಡೆಂಪೊ ಮತ್ತು 2013ರಲ್ಲಿ ಈಸ್ಟ್ ಬೆಂಗಾಲ್. ಫೈನಲ್ ಆಡಿದ್ದು ಯಾರೂ ಇಲ್ಲ. ಆ ಋತುವನ್ನು ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್ ಗ್ಯಾಲರಿಯಿಂದ ಹಿಂಬಾಲಿಸಿದ್ದು ಹೇಗೆ, ಎಲ್ಲೆಲ್ಲಿ ಏನೇನು ನೋಡಿಕೊಳ್ಳಬೇಕಾಯಿತು ಎಂಬುದು ಇಲ್ಲಿದೆ. ಈಗ ಏಷ್ಯಾದ ಟೂರ್ನಿಗೆ ತಮ್ಮ ತಂಡದ ಹಿಂದೆ ಹೊರಡುವವರಿಗೆ ಇದರಲ್ಲಿ ಅರ್ಧ ಭಾಗ ಹಾಗೇ ಅನ್ವಯಿಸುತ್ತದೆ. ಉಳಿದರ್ಧ ನಿಯಮ ಬದಲಾಗಿದೆ, ಎಲ್ಲಿ ಬದಲಾಗಿದೆ ಎಂದು ಆಯಾ ಜಾಗದಲ್ಲೇ ಹೇಳುತ್ತೇವೆ.

ಗುಂಪು ಹಂತ

2016ರಲ್ಲಿ ಗುಂಪು ಹಂತಕ್ಕೆ 32 ತಂಡಗಳು, ನಾಲ್ಕರಂತೆ ಎಂಟು ಗುಂಪು. ಎ-ಯಿಂದ ಡಿ ತನಕ ಪಶ್ಚಿಮ ವಲಯ, ಇ-ಯಿಂದ ಎಚ್ ತನಕ ಪೂರ್ವ ವಲಯ. ಭಾರತದ ಎರಡು ಕ್ಲಬ್‌ಗಳೂ ಪೂರ್ವದಲ್ಲಿದ್ದವು: ಮೋಹನ್ ಬಾಗಾನ್ ಜಿ ಗುಂಪಿನಲ್ಲಿ, ಬೆಂಗಳೂರು ಎಚ್ ಗುಂಪಿನಲ್ಲಿ. ನಮ್ಮ ಜೊತೆ ಬಿದ್ದವರು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಲಾವೋಸ್‌ನ ಲಾವೊ ಟೊಯೊಟಾ, ಮ್ಯಾನ್ಮಾರ್‌ನ ಅಯೇಯವಾಡಿ ಯುನೈಟೆಡ್. ಜೊಹೊರ್ ಹೆಸರು ಉದ್ದ ಎಂದು ಎಲ್ಲರೂ ಜೆಡಿಟಿ ಎನ್ನುತ್ತಾರೆ. ಜೊಹೊರ್ ಯುವರಾಜರ ಕ್ಲಬ್. ಹಿಂದಿನ ವರ್ಷ ತಜಿಕಿಸ್ತಾನದ ದುಶಾನ್ಬೆಯಲ್ಲಿ ಅಲ್ಲಿನ ಇಸ್ತಿಕ್‌ಲೋಲ್ ತಂಡವನ್ನು 1–0ಯಿಂದ ಸೋಲಿಸಿ ಕಪ್ ಗೆದ್ದುಕೊಂಡು ಬಂದಿದ್ದ ಚಾಂಪಿಯನ್. ಪ್ರತಿ ಗುಂಪಿನಿಂದ ಇಬ್ಬರು ಮುಂದಕ್ಕೆ. ಹಾಗಾಗಿ ಗುಂಪುಗಳ ಪಟ್ಟಿ ಹೊರಬಿದ್ದ ದಿನವೇ ಎರಡನೇ ಸ್ಥಾನದ ಮೇಲೆ ಕಣ್ಣಿಟ್ಟು ಲೆಕ್ಕ ಶುರುಮಾಡಿದ್ದು ಸರಿಯಾಗಿತ್ತು.

ನೋಟ್‌ಬುಕ್‌ನಲ್ಲಿ ಪ್ರತಿ ಪಂದ್ಯಕ್ಕೆ ಒಂದು ಪುಟ, ಒಂದೊಂದರಲ್ಲೂ ಐದು ಅಂಕಣ: ತವರೋ ಹೊರಗೋ, ಅಲ್ಲಿನ ಸಮಯ ಮತ್ತು ನಮ್ಮ ಸಮಯ, ಗೋಲು, ಹಳದಿ ಕಾರ್ಡ್ ಯಾರಿಗೆ, ಮೈದಾನದಲ್ಲಿದ್ದ ವಿದೇಶಿ ಆಟಗಾರರು ಯಾರು. ಸಮಯದ ಅಂಕಣ ನಗು ತರಿಸಬಹುದು, ಆದರೆ ಜನ ಪಂದ್ಯ ತಪ್ಪಿಸಿಕೊಳ್ಳುವುದು ಅದರಿಂದಲೇ. ವಿಯೆಂಟಿಯಾನ್ ನಮಗಿಂತ ಒಂದೂವರೆ ಗಂಟೆ ಮುಂದೆ, ಮ್ಯಾನ್ಮಾರ್ ಒಂದು ಗಂಟೆ ಮುಂದೆ, ಜೊಹೊರ್, ಸಿಂಗಪುರ, ಹಾಂಗ್‌ಕಾಂಗ್ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಎಂಟಕ್ಕೆ ಶುರುವಾಗುವ ಆಟ ಇಲ್ಲಿ ಐದೂವರೆಗೇ ಶುರು. ವಾರದ ನಡುವಿನ ದಿನ, ಆಫೀಸು ಬಿಡುವ ಮೊದಲೇ.

ಗುಂಪಿನ ಲೆಕ್ಕದಲ್ಲಿ ಎಲ್ಲರೂ ಮಾಡುವ ತಪ್ಪು ಗೋಲು ವ್ಯತ್ಯಾಸದ್ದು, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದ ಲೆಕ್ಕದ್ದು. ಎರಡು ತಂಡಗಳ ಅಂಕ ಸಮವಾದರೆ ಒಟ್ಟು ಗೋಲು ವ್ಯತ್ಯಾಸ ನೋಡುತ್ತಾರೆ ಎಂದು ಅಂದುಕೊಂಡಿರುತ್ತಾರೆ. ಎಎಫ್‌ಸಿ ಕ್ಲಬ್ ಟೂರ್ನಿಗಳಲ್ಲಿ ಮೊದಲು ನೋಡುವುದು ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶ. ಅಲ್ಲೂ ಸಮವಾದರೆ ಆ ಪಂದ್ಯಗಳದೇ ಗೋಲು ವ್ಯತ್ಯಾಸ, ಆಮೇಲೆ ಅವುಗಳಲ್ಲಿ ಹೊಡೆದ ಗೋಲು. ಇಡೀ ಗುಂಪಿನ ಗೋಲು ವ್ಯತ್ಯಾಸದ ಸರದಿ ಬರುವುದು ಬಹಳ ಕೆಳಗೆ. ಆದ್ದರಿಂದ ಮೂರನೇ ತಂಡದ ಮೇಲೆ ಆರು ಗೋಲು ಹೊಡೆದು ಹಿಗ್ಗಿದರೆ ಪ್ರಯೋಜನ ಕಡಿಮೆ. ಎರಡನೇ ಸ್ಥಾನಕ್ಕೆ ಪೈಪೋಟಿ ಕೊಡುವವರ ಮೇಲೆ ಹೊರಗಡೆ ಒಂದೇ ಒಂದು ಗೋಲು ಹೊಡೆದರೆ ಅದು ಇದಕ್ಕಿಂತ ತೂಕದ್ದು.

ಇದಕ್ಕೆ ಲೀಗ್‌ನ ತಲೆನೋವೂ ಸೇರಿತು. ಫೆಬ್ರುವರಿಯಿಂದ ಏಪ್ರಿಲ್ ತನಕ ಐ-ಲೀಗ್ ಅದರ ಪಾಡಿಗೆ ನಡೆಯುತ್ತಿತ್ತು. ವಾರಾಂತ್ಯಕ್ಕೆ ಲೀಗ್, ಮಂಗಳವಾರ ಇಲ್ಲವೇ ಬುಧವಾರ ಏಷ್ಯಾ, ನಡುವೆ ವಿಮಾನ. ಆಗಿನ ಕೋಚ್ ಆಶ್ಲಿ ವೆಸ್ಟ್‌ವುಡ್ ಎರಡು ಕಡೆಯೂ ಆಟಗಾರರನ್ನು ಹಂಚಬೇಕಿತ್ತು. ಹೊರಗಿನ ಏಷ್ಯಾ ಪಂದ್ಯಕ್ಕೆ ಮುಖ್ಯ ಆಟಗಾರರು ಬೆಂಚಿನಲ್ಲಿ ಕೂತರೆ ಗ್ಯಾಲರಿಯಲ್ಲಿ ಗೊಣಗಾಟ ಏಳುತ್ತದೆ. ಆದರೆ ಏಪ್ರಿಲ್ 17ರಂದು ಕಂಠೀರವದಲ್ಲಿ ಸಾಲ್ಗಾವ್‌ಕರ್ ಮೇಲೆ 2–0 ಗೆದ್ದು ಎರಡನೇ ಸಲ ಲೀಗ್ ಕೈಗೆ ಬಂದಿದ್ದು ಆ ಹಂಚಿಕೆಯಿಂದಲೇ. ಲೀಗ್ ಗೆದ್ದರೆ ತಾನೇ ಮುಂದಿನ ವರ್ಷವೂ ಏಷ್ಯಾಕ್ಕೆ ದಾರಿ.

ಜೆಡಿಟಿ ಎರಡು ಸಲವೂ ನಮ್ಮನ್ನು ಸೋಲಿಸಿತು. ಉಳಿದವರಿಂದ ಬಂದ ಅಂಕ ಎರಡನೇ ಸ್ಥಾನಕ್ಕೆ ಸಾಕಾಯಿತು. ಎರಡನೇ ಸ್ಥಾನಕ್ಕೆ ಒಂದು ಬೆಲೆ ಇತ್ತು: ಆಗ ಹದಿನಾರರ ಘಟ್ಟ ಒಂದೇ ಪಂದ್ಯ, ಅದು ಗುಂಪು ಗೆದ್ದವರ ಮೈದಾನದಲ್ಲಿ. ಹೀಗಾಗಿ ಮೇ ಕೊನೆಯಲ್ಲಿ ಹಾಂಗ್‌ಕಾಂಗ್‌ನ ಮೋಂಗ್ ಕಾಕ್ ಕ್ರೀಡಾಂಗಣಕ್ಕೆ ಹೋಗಿ ಕಿಚಿ ತಂಡವನ್ನು ಎದುರಿಸಬೇಕಾಯಿತು. ಮೋಂಗ್ ಕಾಕ್ ಚಿಕ್ಕ ಮೈದಾನ, ಏಳು ಸಾವಿರ ಜನವೂ ಹಿಡಿಯುವುದಿಲ್ಲ. ಸುತ್ತ ವಸತಿ ಕಟ್ಟಡಗಳು. ಒಂದೇ ಪಂದ್ಯದ ಘಟ್ಟದಲ್ಲಿ ಹೊರಗಿನ ಗೋಲಿಗೆ, ಅಂದರೆ ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ, ವಿಶೇಷ ಬೆಲೆ ಇಲ್ಲ, ಸಮವಾದರೆ ನೇರ ಹೆಚ್ಚುವರಿ ಅವಧಿ, ಆಮೇಲೆ ಪೆನಾಲ್ಟಿ. ಬೆಂಗಳೂರು 3–2ರಿಂದ ಗೆದ್ದಿತು. ಇತ್ತ ಮೋಹನ್ ಬಾಗಾನ್ ಗುವಾಹಟಿಯಲ್ಲಿ ಹೆಚ್ಚುವರಿ ಅವಧಿಗೆ ಹೋಗಿ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್‌ಗೆ 1–2ರಿಂದ ಸೋತಿತು. ತವರಿನಲ್ಲಿ ಒಂದೇ ಪಂದ್ಯ ಸಿಕ್ಕರೆ ಅರ್ಧ ಗೆದ್ದಂತೆ ಎನ್ನುವವರಿಗೆ ಆ ವಾರದ ಎರಡೂ ಫಲಿತಾಂಶ ಬೇರೆಯದೇ ಹೇಳಿದವು.

ಮೇ ತಿಂಗಳಿನಿಂದ ಸೆಪ್ಟೆಂಬರ್ ತನಕ

ನೋಡುವವರು ಅಷ್ಟಾಗಿ ಗಮನ ಕೊಡದ, ಆದರೆ ಋತುವಿನ ಗತಿ ಬದಲಾಯಿಸುವ ಕಾಲ ಇದು. ಆಗ ಮೇ ತಿಂಗಳಿನಲ್ಲಿ ಮುಂದಿನ ಘಟ್ಟಕ್ಕೆ ತೇರ್ಗಡೆಯಾದ ತಂಡವೇ ಸೆಪ್ಟೆಂಬರಿನಲ್ಲಿ ಆಡುತ್ತಿರಲಿಲ್ಲ. ಎಂಟರ ಘಟ್ಟಕ್ಕೆ ಮುಂಚೆ ಆಟಗಾರರ ಪಟ್ಟಿ ಹೊಸದಾಗಿ ಸಲ್ಲಿಸಲು ಎಎಫ್‌ಸಿ ಅವಕಾಶ ಕೊಡುತ್ತಿತ್ತು. ಆ ನಾಲ್ಕು ತಿಂಗಳಲ್ಲಿ ಒಪ್ಪಂದಗಳು ಮುಗಿಯುತ್ತಿದ್ದವು, ಹೊಸಬರು ಬರುತ್ತಿದ್ದರು. ನಮ್ಮಲ್ಲಿ ಕೋಚ್ ಕೂಡ ಬದಲಾದರು. ವೆಸ್ಟ್‌ವುಡ್ ಹೊರಟರು, ಜುಲೈಯಲ್ಲಿ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕರಾಗಿದ್ದವರು, ಎಲ್ ಸಾಲ್ವಡಾರ್ ರಾಷ್ಟ್ರೀಯ ತಂಡವನ್ನು ನೋಡಿಕೊಂಡವರು. ಅವರಿಗೆ ಬೆಂಗಳೂರಿನ ಜೊತೆ ಮೊದಲ ಪಂದ್ಯವೇ ಏಷ್ಯಾದ ಎಂಟರ ಘಟ್ಟ.

ಆಗ ವಿದೇಶಿ ಆಟಗಾರರ ನಿಯಮ ಮೂರು ಮತ್ತು ಒಂದು: ಯಾವ ದೇಶದವರಾದರೂ ಮೂವರು, ಜೊತೆಗೆ ಏಷ್ಯಾ ಒಕ್ಕೂಟದ ದೇಶದವರೊಬ್ಬರು. ಇಂಗ್ಲೆಂಡಿನ ಜಾನ್ ಜಾನ್ಸನ್, ಸ್ಪೇನಿನ ಹುವಾನನ್ ಮತ್ತು ಅಲ್ವಾರೊ ರುಬಿಯೊ ಮೂರು ಜಾಗ ತುಂಬಿದರು. ನಾಲ್ಕನೆಯದಕ್ಕೆ ಕ್ಯಾಮರಾನ್ ವಾಟ್ಸನ್. ವಾಟ್ಸನ್ ಆಸ್ಟ್ರೇಲಿಯಾದವರು, ಅವರು ಏಷ್ಯಾ ಲೆಕ್ಕಕ್ಕೆ ಹೇಗೆ ಬಂದರು ಎಂದು ಗ್ಯಾಲರಿಯಲ್ಲಿ ಪ್ರತಿ ಪಂದ್ಯಕ್ಕೂ ಯಾರಾದರೊಬ್ಬರು ಕೇಳುತ್ತಿದ್ದರು. ಆಸ್ಟ್ರೇಲಿಯಾ 2006ರಿಂದ ಎಎಫ್‌ಸಿ ಸದಸ್ಯ. ಈಗ ಈ ಮಿತಿ ಇಲ್ಲ. 2024–25ರಿಂದ ಏಷ್ಯಾದ ಮೇಲಿನ ಎರಡು ಕ್ಲಬ್ ಟೂರ್ನಿಗಳಲ್ಲಿ ಎಷ್ಟು ವಿದೇಶಿಯರನ್ನಾದರೂ ಆಡಿಸಬಹುದು. ಎಎಫ್‌ಸಿ ಕಪ್ ಎಂಬ ಹೆಸರೂ 2023–24ಕ್ಕೇ ಕೊನೆಗೊಂಡು ಅದರ ಜಾಗಕ್ಕೆ ಚಾಂಪಿಯನ್ಸ್ ಲೀಗ್ ಟೂ ಬಂದಿದೆ.

ಇದೇ ಅವಧಿಯಲ್ಲಿ ಇನ್ನೊಂದು ಗೊಂದಲವಿತ್ತು, ಅದು ಭಾರತದ್ದೇ. ಆಗ ಐ-ಲೀಗ್ ಬೇರೆ, ಇಂಡಿಯನ್ ಸೂಪರ್ ಲೀಗ್ ಬೇರೆ. ಬೆಂಗಳೂರಿನ ಆಟಗಾರರ ಪೈಕಿ ಸುನಿಲ್ ಚೆಟ್ರಿ ಸೂಪರ್ ಲೀಗ್‌ನಲ್ಲಿ ಮುಂಬೈ ಸಿಟಿಗೆ, ಸಿ.ಕೆ. ವಿನೀತ್ ಮತ್ತು ರಿನೊ ಆಂಟೊ ಕೇರಳ ಬ್ಲಾಸ್ಟರ್ಸ್‌ಗೆ, ಯುಜೀನ್‌ಸನ್ ಲಿಂಗ್ಡೊ ಪುಣೆ ಸಿಟಿಗೆ ಆಡಬೇಕಿತ್ತು. ಸೂಪರ್ ಲೀಗ್ ಅಕ್ಟೋಬರ್ 1ಕ್ಕೆ ಶುರುವಾಯಿತು. ಆದರೂ ಏಷ್ಯಾದ ಓಟ ಮುಗಿಯುವ ತನಕ ಇವರೆಲ್ಲ ಬೆಂಗಳೂರಿನಲ್ಲೇ ಉಳಿದರು. ಆ ಏರ್ಪಾಟು ಆಗದಿದ್ದರೆ ಸೆಮಿಫೈನಲ್‌ನ ಎರಡನೇ ಪಂದ್ಯಕ್ಕೆ ಹನ್ನೊಂದು ಜನರನ್ನು ಹೊಂದಿಸುವುದೇ ಕಷ್ಟವಾಗುತ್ತಿತ್ತು.

ಕಂಠೀರವದಲ್ಲಿ ಏಷ್ಯಾ ಪಂದ್ಯದ ದಿನ

ಲೀಗ್ ಪಂದ್ಯಕ್ಕೂ ಏಷ್ಯಾ ಪಂದ್ಯಕ್ಕೂ ಮೈದಾನ ಒಂದೇ, ನಿಯಮ ಬೇರೆ. ಹಿಂದಿನ ದಿನ ಎದುರಾಳಿ ತಂಡ ಅದೇ ಮೈದಾನದಲ್ಲಿ ಅಭ್ಯಾಸ ಮಾಡುತ್ತದೆ. ಪಂದ್ಯದ ಮೇಲ್ವಿಚಾರಣೆ ನೋಡುವ ಅಧಿಕಾರಿ, ಮ್ಯಾಚ್ ಕಮಿಷನರ್, ಸಭೆ ಕರೆದು ಜೆರ್ಸಿ ಬಣ್ಣ, ಬಾಗಿಲು ತೆರೆಯುವ ಹೊತ್ತು, ತಂಡಗಳು ಹೊರಬರುವ ಹೊತ್ತು ಎಲ್ಲವನ್ನೂ ನಿಮಿಷ ಲೆಕ್ಕದಲ್ಲಿ ತೀರ್ಮಾನಿಸುತ್ತಾರೆ. ಟೂರ್ನಿಯ ಪ್ರಾಯೋಜಕರಲ್ಲದವರ ಫಲಕಗಳನ್ನು ಮುಚ್ಚಬೇಕು ಅಥವಾ ತೆಗೆಯಬೇಕು. ಹಾಗಾಗಿ ಶನಿವಾರ ಕಟ್ಟಿದ ಬ್ಯಾನರ್ ಅದೇ ಕಂಬಿಯ ಮೇಲೆ ಬುಧವಾರವೂ ಇರಬಹುದು ಎಂದು ನೆಚ್ಚಿಕೊಳ್ಳಬಾರದು. ಯಾವ ಬ್ಯಾನರ್, ಯಾವ ಅಳತೆ, ಅದರಲ್ಲಿ ಏನು ಬರೆದಿದೆ ಎಂಬುದನ್ನು ಮೊದಲೇ ಕ್ಲಬ್‌ಗೆ ತಿಳಿಸಿ ಒಪ್ಪಿಗೆ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ರಾಜಕೀಯ, ಧರ್ಮ, ಎದುರಾಳಿಯನ್ನು ಹೀಯಾಳಿಸುವ ಮಾತು ಇದ್ದರೆ ಗೇಟಿನಲ್ಲೇ ತಡೆಯುತ್ತಾರೆ. ಹೊಗೆಬತ್ತಿ, ಪಟಾಕಿ ಹಚ್ಚಿದರೆ ದಂಡ ಬೀಳುವುದು ಹಚ್ಚಿದವನಿಗಲ್ಲ, ಕ್ಲಬ್‌ಗೆ.

ಕಂಠೀರವ ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಗ್ಯಾಲರಿಗೂ ಹುಲ್ಲಿಗೂ ನಡುವೆ ಓಟದ ಪಥ ಇದೆ. ಒಂದು ಲೇನ್ 1.22 ಮೀಟರ್, ಎಂಟು ಲೇನ್ ಎಂದರೆ ಹೆಚ್ಚುಕಡಿಮೆ ಹತ್ತು ಮೀಟರ್, ಅದರಾಚೆ ಖಾಲಿ ಜಾಗ ಬೇರೆ. ಇದರಿಂದ ಎರಡು ತೊಂದರೆ. ಒಂದು, ಅಕ್ಷರ. ಹತ್ತಿರದಿಂದ ಚೆನ್ನಾಗಿ ಕಾಣುವ ಬ್ಯಾನರ್ ಎದುರು ಗ್ಯಾಲರಿಯಿಂದ ಬರಿ ಬಟ್ಟೆಯಂತೆ ಕಾಣುತ್ತದೆ. ಅಕ್ಷರ ಎರಡಡಿಗಿಂತ ಎತ್ತರ ಇರಬೇಕು, ಒಂದು ಸಾಲಿಗೆ ಮೂರು ನಾಲ್ಕು ಪದಕ್ಕಿಂತ ಹೆಚ್ಚು ಬೇಡ. ಕನ್ನಡದಲ್ಲಿ ಬರೆಯುವಾಗ ಒತ್ತಕ್ಷರಕ್ಕೆ ಕೆಳಗಡೆ ಜಾಗ ಬಿಡದಿದ್ದರೆ ಮಡಿಕೆಯೊಳಗೆ ಒತ್ತು ಮುಚ್ಚಿಹೋಗುತ್ತದೆ. ಇನ್ನೊಂದು, ಶಬ್ದ. ಡ್ರಮ್ ಎರಡು ಕಡೆ ಇಟ್ಟರೆ ಒಂದಕ್ಕೊಂದು ಹೊಂದುವುದಿಲ್ಲ, ಘೋಷಣೆ ಹರಿದುಹೋಗುತ್ತದೆ. ಡ್ರಮ್‌ಗಳೆಲ್ಲ ಒಂದೇ ಕಡೆ, ಬಡಿತ ಹಿಡಿಯುವವರು ಒಬ್ಬರೇ, ಉಳಿದವರು ಅವರ ಕೈ ನೋಡಿ ಹೊಡೆಯಬೇಕು. ಕೂಗಿಗೆ ನಾಯಕತ್ವ ವಹಿಸಿದವರು ಮೈದಾನಕ್ಕೆ ಬೆನ್ನು ಮಾಡಿ ನಿಲ್ಲುತ್ತಾರೆ. ಅವರಿಗೆ ಆಟದ ಮುಕ್ಕಾಲು ಭಾಗ ಕಾಣುವುದೇ ಇಲ್ಲ. ಅದು ಆ ಕೆಲಸದ ಸಂಬಳ.

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅತಿ ಹೆಚ್ಚು ಮಳೆಯ ತಿಂಗಳುಗಳು. ಕೋರಾ ಬಟ್ಟೆಯ ದೊಡ್ಡ ಬ್ಯಾನರ್ ನೆನೆದರೆ ಎತ್ತಲು ಇಬ್ಬರು ಸಾಲದು. ಒಣಗದ ಬಣ್ಣ ಪಕ್ಕದವರ ಜೆರ್ಸಿಗೆ ಹತ್ತುತ್ತದೆ. ಬಣ್ಣ ಬಳಿದು ಎರಡು ದಿನವಾದರೂ ಆರಲು ಬಿಡಬೇಕು, ಮಡಿಸಬಾರದು, ಸುತ್ತಬೇಕು. ಗಾಳಿ ಹಿಡಿಯದಂತೆ ಅಲ್ಲಲ್ಲಿ ಸೀಳು ಬಿಡಬೇಕು. ಕಟ್ಟಲು ಹಗ್ಗ, ತಂತಿ ತಂದರೆ ತಪಾಸಣೆಯಲ್ಲಿ ಹೋಗುತ್ತದೆ. ಛತ್ರಿಯನ್ನೂ ನೀರಿನ ಬಾಟಲಿಯನ್ನೂ ಒಳಗೆ ಬಿಡುವುದಿಲ್ಲ, ರೇನ್‌ಕೋಟ್ ಒಂದೇ ದಾರಿ. ಚಿಲ್ಲರೆ ನಾಣ್ಯವನ್ನೂ ಗೇಟಿನಲ್ಲಿ ಹುಂಡಿಗೆ ಹಾಕಿದಂತೆ ಬಿಟ್ಟು ಹೋಗಬೇಕಾಗುತ್ತದೆ.

ಆ ವರ್ಷ ದಾರಿ ಸುಲಭವಾಗಿದ್ದು ಮೆಟ್ರೊದಿಂದ. ಏಪ್ರಿಲ್ ಕೊನೆಗೆ ನೇರಳೆ ಮಾರ್ಗದ ಸುರಂಗ ಭಾಗ ತೆರೆಯಿತು, ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳು ಬಂದವು. ಗುಂಪು ಹಂತದ ಆರಂಭದಲ್ಲಿ ಹಡ್ಸನ್ ಸರ್ಕಲ್ ಟ್ರಾಫಿಕ್‌ನಲ್ಲಿ ಮೊದಲರ್ಧ ಕಳೆದುಕೊಂಡವರು ಸೆಪ್ಟೆಂಬರಿನಲ್ಲಿ ಬೈಯಪ್ಪನಹಳ್ಳಿಯಿಂದಲೂ ಮೈಸೂರು ರಸ್ತೆಯಿಂದಲೂ ಹೊತ್ತಿಗೆ ಸರಿಯಾಗಿ ಬಂದರು.

ಆದರೆ ಎಂಟರ ಘಟ್ಟದ ಮೊದಲ ಪಂದ್ಯದ ವಾರ ಊರೇ ಹೊತ್ತಿಕೊಂಡಿತ್ತು. ಕಾವೇರಿ ನೀರಿನ ವಿಚಾರಕ್ಕೆ ಸೆಪ್ಟೆಂಬರ್ 9ರಂದು ಕರ್ನಾಟಕ ಬಂದ್, 12ರಂದು ಬೆಂಗಳೂರಿನಲ್ಲಿ ಗಲಭೆ, ಬಸ್ಸುಗಳಿಗೆ ಬೆಂಕಿ, 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಪಂದ್ಯ ಇದ್ದದ್ದು 14ರ ಬುಧವಾರ. ಇಂಥ ಹೊತ್ತಿನಲ್ಲಿ ಟಿಕೆಟ್ ಕೈಯಲ್ಲಿದೆ ಎಂದು ಹೊರಡುವುದಲ್ಲ. ವಾಪಸು ಹೋಗಲು ಬಸ್, ಮೆಟ್ರೊ ಇದೆಯೇ ಎಂದು ಮೊದಲು ನೋಡಬೇಕು, ದೂರದ ಬಡಾವಣೆಯವರು ಗುಂಪಾಗಿ ಹೋಗಿಬರಬೇಕು. ಪಂದ್ಯ ನಡೆಯಿತು. ವಿನೀತ್ ಆರಂಭದಲ್ಲೇ ಹೊಡೆದ ಗೋಲಿನಿಂದ ಟ್ಯಾಂಪಿನೀಸ್ ಮೇಲೆ 1–0.

ಹೊರಗಿನ ಗೋಲಿನ ಲೆಕ್ಕ

ಆಗ ಎಂಟರ ಘಟ್ಟ ಮತ್ತು ಸೆಮಿಫೈನಲ್ ಎರಡೆರಡು ಪಂದ್ಯ, ತವರಿನಲ್ಲೊಂದು, ಹೊರಗೊಂದು. ಎರಡೂ ಸೇರಿ ಗೋಲು ಸಮವಾದರೆ ಹೊರಗೆ ಹೆಚ್ಚು ಹೊಡೆದವರು ಮುಂದಕ್ಕೆ. ಅದೂ ಸಮವಾದರೆ ಹೆಚ್ಚುವರಿ ಅವಧಿ. ಇಲ್ಲೊಂದು ಸೂಕ್ಷ್ಮವಿದೆ, ಯುರೋಪ್ ಟೂರ್ನಿ ನೋಡಿ ಕಲಿತವರು ಇದರಲ್ಲೇ ವಾದಕ್ಕೆ ಇಳಿಯುತ್ತಿದ್ದರು: ಆಗ ಯುರೋಪಿನಲ್ಲಿ ಹೆಚ್ಚುವರಿ ಅವಧಿಯ ಗೋಲಿಗೂ ಹೊರಗಿನ ಗೋಲಿನ ಬೆಲೆ ಇತ್ತು, ಎಎಫ್‌ಸಿ ಕಪ್‌ನಲ್ಲಿ ಇರಲಿಲ್ಲ. ಹೆಚ್ಚುವರಿ ಅವಧಿಯಲ್ಲಿ 1–1 ಆದರೆ ನೇರ ಪೆನಾಲ್ಟಿ.

ಈ ನಿಯಮದ ಕೆಳಗೆ ತವರಿನ 1–0 ಬಹಳ ಒಳ್ಳೆಯ ಫಲಿತಾಂಶ. ನೋಡಲು 2–1ಕ್ಕೂ ಅದಕ್ಕೂ ಅಂತರ ಒಂದೇ. ಆದರೆ 1–0 ಆದಾಗ ಎದುರಾಳಿಗೆ ಹೊರಗಿನ ಗೋಲು ಸಿಕ್ಕಿಲ್ಲ. ಅವರ ಊರಿನಲ್ಲಿ ನಾವು ಒಂದು ಹೊಡೆದರೆ ಅವರಿಗೆ ಮೂರು ಬೇಕು. ರೋಕಾ ಅವರ ತಂಡ ಸೆಪ್ಟೆಂಬರ್ 21ರಂದು ಸಿಂಗಪುರದಲ್ಲಿ ಬಾಗಿಲು ಭದ್ರ ಮಾಡಿಕೊಂಡು 0–0 ಮುಗಿಸಿತು. ನೋಡಲು ಚೆಂದದ ಆಟವೇನೂ ಆಗಿರಲಿಲ್ಲ.

ಸೆಮಿಫೈನಲ್‌ಗೆ ಮತ್ತೆ ಜೆಡಿಟಿ. ಈ ಸಲ ಮೊದಲ ಪಂದ್ಯ ಅವರಲ್ಲಿ, ಸೆಪ್ಟೆಂಬರ್ 28, ಲಾರ್ಕಿನ್ ಕ್ರೀಡಾಂಗಣ. ಲಾರ್ಕಿನ್‌ಗೆ ಹೋಗುವವರಿಗೆ ಸಿಂಗಪುರದ ಮೂಲಕ ಹೋಗುವುದು ಸಲೀಸು ಎನಿಸುತ್ತದೆ, ಏಕೆಂದರೆ ಜೊಹೊರ್ ಬಾರು ಸೇತುವೆಯಾಚೆ ಮಾತ್ರ. ಕ್ವೀನ್ ಸ್ಟ್ರೀಟ್‌ನಿಂದ ಹೊರಡುವ 170ನೇ ನಂಬರ್ ಬಸ್ ಲಾರ್ಕಿನ್ ನಿಲ್ದಾಣಕ್ಕೇ ಹೋಗುತ್ತದೆ. ಆದರೆ ಆಗ ಭಾರತದ ಪಾಸ್‌ಪೋರ್ಟ್‌ಗೆ ಎರಡೂ ದೇಶದ ವೀಸಾ ಬೇಕಿತ್ತು, ಸಿಂಗಪುರದ್ದು ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಇರುವಂಥದ್ದು. ಇಲ್ಲದಿದ್ದರೆ ಆಟ ನೋಡಿ ವಾಪಸು ವಿಮಾನ ಹತ್ತಲು ಒಳಗೆ ಬಿಡುವುದಿಲ್ಲ. ಇನ್ನೊಂದು, ಹೊತ್ತು. ಸಿಂಗಪುರದಲ್ಲಿ ಕೆಲಸ ಮಾಡುವ ಮಲೇಷ್ಯಾದವರು ಸಂಜೆ ಮನೆಗೆ ಹೋಗುವುದು ಅದೇ ಸೇತುವೆಯ ಮೇಲೆ. ಐದರಿಂದ ಎಂಟರ ತನಕ ಎರಡೂ ಕಡೆಯ ಇಮಿಗ್ರೇಷನ್ ಸಾಲು ಎಷ್ಟು ಉದ್ದವಾಗುತ್ತದೆ ಎಂದು ಹೇಳಲಾಗದು. ಮಧ್ಯಾಹ್ನವೇ ದಾಟಿ ಜೊಹೊರ್‌ನಲ್ಲಿ ಊಟ ಮುಗಿಸಿಕೊಂಡು ಕೂರುವುದು ಜಾಣತನ.

ಅಲ್ಲಿ ಫಲಿತಾಂಶ 1–1, ನಮ್ಮ ಗೋಲು ಲಿಂಗ್ಡೊ ಅವರದು. ಆ ಒಂದು ಗೋಲಿನಿಂದ ಅಕ್ಟೋಬರ್ 19ರ ಲೆಕ್ಕವೆಲ್ಲ ಬದಲಾಯಿತು. 0–0 ಆದರೆ ಬೆಂಗಳೂರು ಫೈನಲ್‌ಗೆ. 1–1 ಆದರೆ ಹೆಚ್ಚುವರಿ ಅವಧಿ. 2–2 ಆದರೆ ಜೆಡಿಟಿ. ಅಂದರೆ ಅವರು ಒಂದು ಹೊಡೆದರೆ ಗಾಬರಿ ಬೇಡ, ನಾವು ಎರಡು ಹೊಡೆಯಬೇಕು. ಅವರು ಎರಡು ಹೊಡೆದರೆ ನಮಗೆ ಮೂರು ಬೇಕು. ಇದನ್ನು ಪಂದ್ಯಕ್ಕೆ ಮುಂಚೆಯೇ ಗ್ಯಾಲರಿಯಲ್ಲಿ ಬಾಯಿಂದ ಬಾಯಿಗೆ ದಾಟಿಸಬೇಕು. ಏಕೆಂದರೆ ಎದುರಾಳಿ ಮೊದಲು ಗೋಲು ಹೊಡೆದಾಗ ಗ್ಯಾಲರಿ ತಣ್ಣಗಾದರೆ ಆಟಗಾರರಿಗೆ ಅದು ಕೇಳಿಸುತ್ತದೆ.

ಹಾಗೇ ಆಯಿತು. ಆಟ ಕಾವೇರುವ ಮೊದಲೇ ಸಫಿಕ್ ರಹೀಮ್ ಜೆಡಿಟಿಗೆ ಗೋಲು ತಂದುಕೊಟ್ಟರು. ಲೆಕ್ಕ ಗೊತ್ತಿದ್ದವರು ಡ್ರಮ್ ನಿಲ್ಲಿಸಲಿಲ್ಲ. ವಿರಾಮಕ್ಕೆ ಕೆಲವೇ ನಿಮಿಷ ಇರುವಾಗ ಚೆಟ್ರಿ ಸಮ ಮಾಡಿದರು, ದ್ವಿತೀಯಾರ್ಧದಲ್ಲಿ ಇನ್ನೊಂದು ಹೊಡೆದರು, ಹುವಾನನ್ ಮೂರನೆಯದು ಸೇರಿಸಿದರು. 3–1, ಒಟ್ಟು 4–2. ಮೂರನೇ ಗೋಲು ಬೀಳುವ ತನಕ ಪರಿಸ್ಥಿತಿ ಎಷ್ಟು ನಾಜೂಕಾಗಿತ್ತು ಎಂದರೆ, 2–1ರಲ್ಲಿ ಜೆಡಿಟಿ ಒಂದೇ ಒಂದು ಹೊಡೆದಿದ್ದರೂ ನಾವು ಹೊರಗೆ. ಹಾಲಿ ಚಾಂಪಿಯನ್ ಹೊರಬಿತ್ತು. ಭಾರತದ ಕ್ಲಬ್ ಮೊದಲ ಸಲ ಏಷ್ಯಾದ ಫೈನಲ್‌ಗೆ.

ಆ ಕುಣಿತದ ನಡುವೆ ಹಳದಿ ಕಾರ್ಡ್‌ನ ಅಂಕಣ ನೋಡಿದವರು ಬೆರಳೆಣಿಕೆಯಷ್ಟು. ಬೇರೆ ಬೇರೆ ಪಂದ್ಯಗಳಲ್ಲಿ ಎರಡು ಹಳದಿ ಕಾರ್ಡ್ ಸೇರಿದರೆ ಮುಂದಿನ ಒಂದು ಪಂದ್ಯಕ್ಕೆ ನಿಷೇಧ. ಲೀಗಿನ ಕಾರ್ಡ್ ಇಲ್ಲಿಗೆ ಸೇರುವುದಿಲ್ಲ, ಇಲ್ಲಿಯದು ಲೀಗಿಗೆ ಹೋಗುವುದಿಲ್ಲ, ಎರಡಕ್ಕೂ ಬೇರೆ ಬೇರೆ ಪುಟ. ಗೋಲ್‌ಕೀಪರ್ ಅಮರಿಂದರ್ ಸಿಂಗ್‌ಗೆ ಆ ರಾತ್ರಿ ಕಾರ್ಡ್ ಬಿತ್ತು. ಫೈನಲ್‌ಗೆ ಅವರು ಇಲ್ಲ.

ದೋಹಾ

ಸೆಮಿಫೈನಲ್ ಮುಗಿದಿದ್ದು ಅಕ್ಟೋಬರ್ 19, ಫೈನಲ್ ನವೆಂಬರ್ 5. ನಡುವೆ 17 ದಿನ. ಎದುರಾಳಿ ಬಾಗ್ದಾದಿನ ಅಲ್-ಕುವ್ವಾ ಅಲ್-ಜವಿಯ, ಇರಾಕ್ ವಾಯುಪಡೆಯ ಕ್ಲಬ್. ಲೆಬನಾನ್‌ನ ಅಲ್-ಅಹೆದ್ ತಂಡವನ್ನು ಸೋಲಿಸಿ ಬಂದಿತ್ತು. ಇರಾಕ್‌ನಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಗೆ ಅವಕಾಶ ಇಲ್ಲದ್ದರಿಂದ ಕತಾರ್‌ನ ದೋಹಾ ಅವರಿಗೆ ತವರು. ಫೈನಲ್ ಒಂದೇ ಪಂದ್ಯ, ಸುಹೇಮ್ ಬಿನ್ ಹಮದ್ ಕ್ರೀಡಾಂಗಣ. ಕತಾರ್ ಎಸ್‌ಸಿ ಮೈದಾನ ಎಂದರೆ ಟ್ಯಾಕ್ಸಿಯವರಿಗೆ ಬೇಗ ತಿಳಿಯುತ್ತದೆ.

ಇಲ್ಲಿಂದ ಹೋಗಬೇಕೆಂದವರಿಗೆ ಅಡ್ಡಿಯಾಗಿದ್ದು ವೀಸಾ. ಕತಾರ್ ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶ ಕೊಟ್ಟಿದ್ದು 2017ರ ಆಗಸ್ಟ್‌ನಲ್ಲಿ. 2016ರಲ್ಲಿ ಹೋಟೆಲ್, ವಿಮಾನ ಸಂಸ್ಥೆ ಇಲ್ಲವೇ ಅಲ್ಲಿರುವ ನೆಂಟರ ಮೂಲಕ ಮೊದಲೇ ವೀಸಾ ಮಾಡಿಸಬೇಕಿತ್ತು. ಸೆಮಿಫೈನಲ್‌ಗೆ ಮೊದಲು ಅರ್ಜಿ ಹಾಕಿದರೆ ಸೋತಾಗ ಹಣ ವ್ಯರ್ಥ, ಗೆದ್ದ ಮೇಲೆ ಹಾಕಿದರೆ ದಿನ ಸಾಲದು. ಹಾಗಾಗಿ ಗ್ಯಾಲರಿ ತುಂಬಿಸುವ ಹೊಣೆ ದೋಹಾದಲ್ಲೇ ಇದ್ದವರ ಮೇಲೆ ಬಿತ್ತು. ಕರಾವಳಿಯವರು, ಬೆಂಗಳೂರಿನವರು, ಜೊತೆಗೆ ವಿನೀತ್, ರಿನೊ ಇದ್ದಾರೆಂದು ಮಲಯಾಳಿಗಳು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಫೈನಲ್ ಶನಿವಾರ ಸಂಜೆ ಏಳಕ್ಕೆ. ನಮ್ಮಲ್ಲಿ ಅದು ರಾತ್ರಿ ಒಂಬತ್ತೂವರೆ. ಪೂರ್ವದ ಊರುಗಳಿಗೆ ಎರಡೂವರೆ ಗಂಟೆ ಕಳೆದು ಕಳೆದು ರೂಢಿಯಾದವರು ಇಲ್ಲಿ ಕೂಡಿಸಬೇಕಿತ್ತು.

ಗೋಲಿನಲ್ಲಿ ಲಾಲ್‌ತುವಮಾವಿಯ ರಾಲ್ಟೆ ನಿಂತರು. ವರ್ಷವಿಡೀ ಬೆಂಚಿನಲ್ಲೇ ಹೆಚ್ಚು ಹೊತ್ತು ಕಳೆದ ಗೋಲ್‌ಕೀಪರ್‌ಗೆ ನೇರ ಏಷ್ಯಾ ಫೈನಲ್. ಅವರ ಮೇಲೆ ತಪ್ಪು ಹೊರಿಸುವಂಥದ್ದೇನೂ ನಡೆಯಲಿಲ್ಲ. ಮೊದಲರ್ಧದಲ್ಲಿ ಇರಾಕಿಗಳು ಒತ್ತಿಕೊಂಡು ಬಂದಾಗ ತಡೆದವರೂ ಅವರೇ. ಕಾರ್ಡ್‌ನಿಂದ ಆದ ನಷ್ಟ ಬೇರೆ ಥರದ್ದು. ಗೋಲ್‌ಕೀಪರ್ ಬದಲಾದರೆ ಹಿಂದಿನಿಂದ ಚೆಂಡು ಕಟ್ಟಿಕೊಂಡು ಬರುವ ರೋಕಾ ಶೈಲಿಯ ಮೊದಲ ಪಾಸ್ ಬದಲಾಗುತ್ತದೆ, ರಕ್ಷಕರು ಎಷ್ಟು ಮುಂದೆ ನಿಲ್ಲಬೇಕು ಎಂಬ ಹೊಂದಾಣಿಕೆ ಹೊಸದಾಗಿ ಕೂಡಿಬರಬೇಕು. ಅದಕ್ಕೆ ಸಿಕ್ಕಿದ್ದು ಬರೀ ಅಭ್ಯಾಸದ ದಿನಗಳು, ಪಂದ್ಯಗಳಲ್ಲ: ಐ-ಲೀಗ್ ಮುಗಿದಿತ್ತು, ಸೂಪರ್ ಲೀಗ್‌ನಲ್ಲಿ ಆಗ ಬೆಂಗಳೂರು ಇರಲೇ ಇಲ್ಲ.

70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದರು. 1–0, ಅಷ್ಟೇ ಫಲಿತಾಂಶ. ಆ ಟೂರ್ನಿಯಲ್ಲಿ ಅವರದು 16 ಗೋಲು, ಎಲ್ಲರಿಗಿಂತ ಹೆಚ್ಚು. ಇರಾಕ್‌ನ ಕ್ಲಬ್‌ಗೆ ಅದು ಮೊದಲ ಎಎಫ್‌ಸಿ ಕಪ್. 2017, 2018ರಲ್ಲೂ ಅವರೇ ಗೆದ್ದರು. ಸೋತದ್ದು ಎಂಥವರಿಗೆ ಎಂಬುದು ಆಗ ನಮಗೆ ಪೂರ್ತಿ ತಿಳಿದಿರಲಿಲ್ಲ.

ಫೈನಲ್ ಮುಗಿದ ಮೇಲೆ ಚೆಟ್ರಿ, ವಿನೀತ್, ಲಿಂಗ್ಡೊ ತಂತಮ್ಮ ಸೂಪರ್ ಲೀಗ್ ತಂಡ ಸೇರಿಕೊಂಡರು. 2017ರ ಟೂರ್ನಿಗೆ ವಲಯಗಳನ್ನೇ ಬೇರೆ ಥರ ವಿಂಗಡಿಸಿದರು; ಭಾರತ ದಕ್ಷಿಣ ಏಷ್ಯಾ ವಲಯಕ್ಕೆ ಹೋಯಿತು. ಬೆಂಗಳೂರು ಅಲ್ಲಿ ಗುಂಪು ಗೆದ್ದು, ಉತ್ತರ ಕೊರಿಯಾದ ಏಪ್ರಿಲ್ 25 ತಂಡವನ್ನು ಕಂಠೀರವದಲ್ಲಿ 3–0ಯಿಂದ ಮಣಿಸಿ, ಪ್ಯೊಂಗ್‌ಯಾಂಗ್‌ನಲ್ಲಿ 0–0 ಮಾಡಿಕೊಂಡು ಇಸ್ತಿಕ್‌ಲೋಲ್ ಎದುರು ನಿಂತಿತು. ದುಶಾನ್ಬೆಯಲ್ಲಿ 0–1. ಹೊರಗೆ ಗೋಲು ಸಿಗದೆ ಬಂದಿದ್ದರಿಂದ ಕಂಠೀರವದಲ್ಲಿ ಅವರು ಒಂದು ಹೊಡೆದರೆ ನಮಗೆ ಮೂರು, ಎರಡು ಹೊಡೆದರೆ ನಾಲ್ಕು ಬೇಕಾಗಿತ್ತು. ಅಲ್ಲಿ ಆಗಿದ್ದು 2–2, ನಾವು ಹೊರಬಿದ್ದೆವು. 2023–24ರಿಂದ ಎಎಫ್‌ಸಿ ಟೂರ್ನಿಗಳಲ್ಲಿ ಹೊರಗಿನ ಗೋಲಿನ ನಿಯಮ ಇಲ್ಲ; ಈಗ ಅದೇ ಪರಿಸ್ಥಿತಿ ಬಂದರೆ, ಅವರು ಕಂಠೀರವದಲ್ಲಿ ಎರಡು ಹೊಡೆದರೂ ನಾವು ಮೂರು ಹೊಡೆದರೆ ಹೆಚ್ಚುವರಿ ಅವಧಿ ಸಿಗುತ್ತದೆ.